ಉಫಣ್ಣನ ವಾಲ್ವ್

"ನಿಮ್ಮ ದೊಡ್ಡಪ್ಪನ ಮೆಷಿನ್ ಸುಟ್ಟು ನಿಮ್ಮಪ್ಪ ಸತ್ತ" ಎಂಬ ಮಾತನ್ನು ಮೊದಲ ಸಲ ಯಾರ ಬಾಯಲ್ಲಿ ಕೇಳಿದೆನೋ ನೆನಪಿಲ್ಲ. ನಮ್ಮ ಬೀದಿಯಲ್ಲಿ ಅದೇ ನನ್ನ ವಿಳಾಸವಾಗಿತ್ತು. ದಿನಸಿ ಅಂಗಡಿಗೆ ಹೋದರೆ ಸಕ್ಕರೆ ಕಟ್ಟಿಕೊಡುವವಳು ಪಕ್ಕದಲ್ಲಿ ನಿಂತವಳಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದಳು: ಇವಳೇ ನೋಡು, ಆ ಮೆಷಿನ್ ಸುಟ್ಟಾಗ ಹೊಟ್ಟೆಯಲ್ಲಿದ್ದವಳು. ಆ ಪಕ್ಕದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಲೊಚಗುಟ್ಟುತ್ತಿದ್ದಳು. ಆ ಲೊಚಗುಟ್ಟುವ ಸದ್ದು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ದೊಡ್ಡಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರಿನ ಹೊಟ್ಟೆಯಿಂದ ಕರಿ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ, ಮತ್ತೆ ತಿರುಗುವ ಹಾಗೆ ಮಾಡಿಕೊಡುವ ಕೆಲಸ. ಬಂದರಿನ ಐಸ್ ಕಾರ್ಖಾನೆಯ ಮೋಟಾರು, ದೋಣಿಗಳ ನೀರೆತ್ತುವ ಪಂಪು, ಲಾಂಡ್ರಿಯವರ ಬಟ್ಟೆ ಒಣಗಿಸುವ ಯಂತ್ರ, ಎಲ್ಲ ಅವನ ಅಂಗಡಿಗೇ ಬರುತ್ತಿದ್ದವು. ಅವನಿಗೊಂದು ಚಟ. ಕೂರುವ ಮೊದಲು ಸ್ಟೂಲಿಗೆ ಉಫ್, ಬೆಸುಗೆ ಹಾಕಿದ ಮೇಲೆ ಉಫ್, ಕಾಫಿಗೆ ಉಫ್, ಕೊನೆಗೆ ತಣ್ಣಗಿರುವ ನೀರಿನ ಲೋಟಕ್ಕೂ ಒಂದು ಉಫ್. ಬಂದರಿನವರು ಉಫಣ್ಣ ಎಂದು ಹೆಸರಿಟ್ಟರು. ಅವನ ಅಸಲು ಹೆಸರಿಗೆ ಬಂದ ಕರೆಂಟ್ ಬಿಲ್ಲನ್ನು ಅಂಚೆಯವನು ಅಂಥವರು ಈ ಬೀದಿಯಲ್ಲಿಲ್ಲ ಎಂದು ವಾಪಸ್ ಕಳಿಸಿದ್ದನಂತೆ.

ಮದುವೆಯಾಗಲಿಲ್ಲ. ಕೇಳಿದವರಿಗೆ, ರೇಡಿಯೊ ಕಟ್ಟಿಕೊಂಡಿದ್ದೀನಲ್ಲ, ಅದೇ ಸಾಕು ಎನ್ನುತ್ತಿದ್ದ. ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ, ಒಂದೇ ಕಿಟಕಿ, ಗೋಡೆ ಉದ್ದಕ್ಕೂ ಮೇಜು, ಅದರ ಮೇಲೆ ಅವನೇ ಜೋಡಿಸಿದ ಹ್ಯಾಮ್ ರೇಡಿಯೊ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದ. ಈ ಹವ್ಯಾಸದವರು ವಿಚಿತ್ರ ಜನ. ಇಷ್ಟೆಲ್ಲ ಕಷ್ಟಪಟ್ಟು ಭೂಮಿಯ ಆ ತುದಿಯಲ್ಲಿರುವವನನ್ನು ಹಿಡಿಯುತ್ತಾರೆ. ಹಿಡಿದು ಕೇಳುವುದು ಮಾತ್ರ, ನಿಮ್ಮಲ್ಲಿ ಹವಾ ಹೇಗಿದೆ ಅಂತ.

ಆ ಮೇಜಿನ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದು ಆಂಪ್ಲಿಫೈಯರ್. ಸಣ್ಣ ಸೆಟ್ಟಿನಿಂದ ಹೊರಟ ದನಿಯನ್ನು ಅದು ಹತ್ತಾರು ಪಾಲು ದೊಡ್ಡದು ಮಾಡಿ ಛಾವಣಿಯ ಮೇಲಿನ ಏರಿಯಲ್ ತಂತಿಗೆ ಕಳಿಸುತ್ತಿತ್ತು. ಒಳಗೆ ಹಾಲಿನ ಲೋಟದಷ್ಟು ದಪ್ಪದ ಗಾಜಿನ ವಾಲ್ವ್, ಹಳೆ ರೇಡಿಯೊಗಳ ಒಳಗೆ ಬಲ್ಬಿನ ಹಾಗೆ ಬೆಳಗುವ ಬುರುಡೆ. ಅದು ಸೋಮಾರಿ ಮಗನ ಹಾಗೆ ಎಂದು ದೊಡ್ಡಪ್ಪ ಹೇಳುತ್ತಿದ್ದ. ತಿಂದದ್ದರಲ್ಲಿ ಅರ್ಧ ಕೆಲಸಕ್ಕೆ, ಇನ್ನರ್ಧ ಬರೀ ಮೈ ಬಿಸಿಗೆ. ಮಾತಾಡುವಾಗ ತೊಂದರೆಯಿಲ್ಲ. ಮನುಷ್ಯ ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಾನೆ, ತಡವರಿಸುತ್ತಾನೆ, ಸುಮ್ಮನಾಗುತ್ತಾನೆ. ಅಷ್ಟರಲ್ಲಿ ವಾಲ್ವೂ ಆರುತ್ತದೆ. ಬಿಡುವಿಲ್ಲದೆ ಒಂದೇ ಸಮನೆ ಕಳಿಸುತ್ತಾ ಹೋದರೆ ಮಾತ್ರ ಅದರೊಳಗಿನ ತಗಡು ಕೆಂಪಗೆ ಕಾಯುತ್ತದೆ, ಗಾಜು ಸೀಳುತ್ತದೆ. ಅದಕ್ಕೆ ಗಾಳಿ ಬೇಕು. ಲಾಂಡ್ರಿಯ ಹಳೆ ಯಂತ್ರದ ಗಾಳಿ ಊದುವ ಬ್ಲೋವರನ್ನು ತಂದು, ತಾನೇ ಅದರ ಮೋಟಾರು ಸುತ್ತಿ, ಸದ್ದು ಕಡಿಮೆಯಾಗಲೆಂದು ಮರದ ಪೆಟ್ಟಿಗೆಯೊಳಗೆ ಕೂರಿಸಿ, ಮೇಜಿನ ಕೆಳಗೆ ನೆಲದ ಮೇಲೆ ಇಟ್ಟಿದ್ದ. ಪೆಟ್ಟಿಗೆಯ ಒಂದು ಮಗ್ಗುಲಿಗೆ ಜಾಲರಿ. ಅಲ್ಲಿಂದ ಒಳಗೆ ಎಳೆದ ಗಾಳಿ ಕ್ಯಾನ್ವಾಸಿನ ಕೊಳವೆಯಲ್ಲಿ ಹತ್ತಿ, ವಾಲ್ವಿನ ಸುತ್ತ ಹಾದು, ಆಂಪ್ಲಿಫೈಯರಿನ ನೆತ್ತಿಯಿಂದ ಹೊರಗೆ ಹೋಗುತ್ತಿತ್ತು. ಪ್ರಸಾರ ನಿಲ್ಲಿಸಿದ ಮೇಲೂ ಅವನು ಬ್ಲೋವರ್ ಆರಿಸುತ್ತಿರಲಿಲ್ಲ. ಓಡಿ ಬಂದವನನ್ನು ತಕ್ಷಣ ಕೂರಿಸಬಾರದು ಎನ್ನುತ್ತಿದ್ದ. ಇದಕ್ಕೆಲ್ಲ ಅವನು ಇಟ್ಟ ಹೆಸರು ಉಸಿರು ಕೊಡೋದು.

ನನ್ನಪ್ಪ ಅವನ ತಮ್ಮ. ಮೀನಿನ ದೋಣಿ ನಡೆಸುತ್ತಿದ್ದ. ಅಣ್ಣನಿಗೆ ಗಾಳಿಯ ಹುಚ್ಚು, ತಮ್ಮನಿಗೆ ನೀರಿನ ಹುಚ್ಚು, ಇಬ್ಬರಲ್ಲಿ ಒಬ್ಬರಿಗಾದರೂ ನೆಲದ ಮೇಲೆ ಕಾಲಿದ್ದರೆ ಈ ಮನೆ ಉದ್ಧಾರವಾಗುತ್ತಿತ್ತು ಎಂದು ಅಮ್ಮ ಹೇಳುವುದುಂಟು. ನಮ್ಮ ಕಡಲಿನಲ್ಲಿ ಮಂಜು ಹೇಳದೆ ಕೇಳದೆ ಬರುತ್ತದೆ. ಬಂದರಿನ ಬಾಯಲ್ಲಿ ಬಂಡೆಗಳ ಸಾಲು. ದಿಕ್ಕು ತಪ್ಪಿದ ದೋಣಿಗೆ ಅಲ್ಲಿ ಉಳಿಗಾಲವಿಲ್ಲ. ಬಂದರು ಕಚೇರಿಯವರದೊಂದು ದಾರಿ ತೋರಿಸುವ ರೇಡಿಯೊ ಇತ್ತು. ಅದು ಕೆಟ್ಟು ತಿಂಗಳುಗಟ್ಟಲೆ ಆಗಿತ್ತು. ರಿಪೇರಿಗೆ ಮೇಲಕ್ಕೆ ಬರೆದಿದ್ದೇವೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ನೀರಿನ ಮೇಲೆ ಬರೆದಿದ್ದರೋ ಏನೋ.

ಹಾಗಾಗಿ ಅಣ್ಣ ತಮ್ಮ ಇಬ್ಬರೂ ಸೇರಿ ತಮ್ಮದೇ ಏರ್ಪಾಡು ಮಾಡಿಕೊಂಡರು. ಮಂಜು ಬಿದ್ದ ದಿನ ದೊಡ್ಡಪ್ಪ ಮಹಡಿಯಿಂದ ಒಂದೇ ಸಮನೆ ಕೂ ಎನ್ನುವ ಸದ್ದನ್ನು ಪ್ರಸಾರ ಮಾಡುವುದು. ದೋಣಿಯಲ್ಲಿ ಒಂದು ಸಣ್ಣ ರೇಡಿಯೊ, ಅದಕ್ಕೆ ದೊಡ್ಡಪ್ಪನೇ ತಂತಿ ಸುತ್ತಿ ಕೊಟ್ಟ ಬಳೆಯಂಥ ಏರಿಯಲ್. ಬಳೆಯನ್ನು ಕೈಯಲ್ಲಿ ತಿರುಗಿಸುತ್ತಾ ಹೋದರೆ ಒಂದು ಕಡೆ ಸದ್ದು ಪೂರ್ತಿ ಅಡಗುತ್ತದೆ. ಮನೆಯ ದಿಕ್ಕು ಅದೇ. ದೋಣಿಯಿಂದ ಕೇಳಬಹುದಿತ್ತು, ತಿರುಗಿ ಮಾತಾಡುವಂತಿರಲಿಲ್ಲ. ಇದನ್ನು ಊರವರು ಕೂಗು ಎಂದು ಕರೆದರು. ಬರಬರುತ್ತಾ ಬೇರೆ ದೋಣಿಯವರೂ ಬಂದು ಬಳೆ ಮಾಡಿಸಿಕೊಂಡು ಹೋದರು.

ಕೂಗಿಗೊಂದು ನಿಯಮವಿತ್ತು. ಒಂದಷ್ಟು ಹೊತ್ತು ಕೂಗು, ಆಮೇಲೆ ಒಂದು ಪಾತ್ರೆ ನೀರು ಕುದಿಯುವಷ್ಟು ಹೊತ್ತು ಮೌನ, ವಾಲ್ವಿಗೆ ಉಸಿರು. ಕೂಗು ನಿಂತಾಗ ದೋಣಿಯೂ ನಿಲ್ಲಬೇಕು. ಎಂಜಿನ್ ಆರಿಸಿ, ಲಂಗರು ಬಿಟ್ಟು, ಮತ್ತೆ ಕೂಗು ಬರುವವರೆಗೆ ಕಾಯಬೇಕು. "ಅಂದಾಜಲ್ಲಿ ಒಂದು ಮಾರು ಕೂಡ ಮುಂದೆ ಬರಬೇಡ. ನಾನು ನಿಂತಾಗ ನೀನೂ ನಿಲ್ಲು," ಎಂದು ಅಣ್ಣ ತಮ್ಮನಿಗೆ ಹೇಳಿದ್ದ. ತಮ್ಮ ಆ ಮಾತನ್ನು ತಲೆಯ ಮೇಲಿಟ್ಟುಕೊಂಡಿದ್ದ.

ಆ ದಿನ ಬೆಳಿಗ್ಗೆ ಚೆನ್ನಾಗಿ ಬಿಸಿಲಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಎದುರುಮನೆಯ ಬಾಗಿಲು ಕಾಣದಷ್ಟು ಮಂಜು ಕವಿಯಿತು. ಮೂರು ದೋಣಿಗಳು ಹೊರಗಿದ್ದವು, ಒಂದು ಅಪ್ಪನದು. ದೊಡ್ಡಪ್ಪ ಅಂಗಡಿಯ ಷಟರ್ ಎಳೆದು ಮಹಡಿ ಹತ್ತಿ ಕೂಗು ಶುರು ಮಾಡಿದ. ತಾನು ಕಳಿಸುವುದು ಸರಿಯಾಗಿದೆಯೇ ಎಂದು ತಿಳಿಯಲು ಅವನ ಮೇಜಿನ ಮೇಲೊಂದು ಸ್ಪೀಕರ್ ಇತ್ತು. ಕೂ ಎನ್ನುವ ಆ ಸದ್ದು ಕಿಟಕಿಯಿಂದ ಬೀದಿಗೂ ಕೇಳಿಸಿತು. ಕೇಳಿಸಿಕೊಂಡು ಜನ ಬಂದರು.

ಮೊದಲು ದೋಣಿಯವರ ಹೆಂಡತಿಯರು, ಆಮೇಲೆ ತಾಯಂದಿರು, ಆಮೇಲೆ ಅಕ್ಕತಂಗಿಯರು, ಕೊನೆಗೆ ಯಾರಿಗೂ ಏನೂ ಆಗಬೇಕಾಗಿಲ್ಲದವರು. ಕಷ್ಟ ಬಂದ ಮನೆಗೆ ಹೋಗಿ ನಿಂತರೆ ಅರ್ಧ ಕಷ್ಟ ಕಳೆಯುತ್ತದೆ ಎಂದು ನಮ್ಮವರ ನಂಬಿಕೆ. ನಿಂತವರು ಯಾವುದರ ಮುಂದೆ ನಿಂತಿದ್ದಾರೆ ಎಂದು ನೋಡುವ ಪದ್ಧತಿ ಇಲ್ಲ. ಮೆಟ್ಟಿಲ ಮೇಲೂ ಜನ. ಅಮ್ಮ ದಿನ ತುಂಬಿದ ಬಸುರಿ. ಅವಳನ್ನು ಇಬ್ಬರು ತೋಳು ಹಿಡಿದು ಹತ್ತಿಸಿದರು. ಕೋಣೆಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ದೊಡ್ಡಪ್ಪ ಕೂತಿದ್ದ. ಅಮ್ಮನನ್ನು ನೆಲದ ಮೇಲೆ, ಮೇಜಿನ ಪಕ್ಕಕ್ಕೆ, ಒರಗಲು ಆಸರೆ ಸಿಕ್ಕ ಕಡೆ ಕೂರಿಸಿದರು. ಬಸುರಿಗೆ ಥಂಡಿ ಆಗುತ್ತದೆಂದು ಯಾರೋ ಕಿಟಕಿ ಮುಚ್ಚಿದರು.

ಮೊದಲ ಸಲ ದೊಡ್ಡಪ್ಪ ಕೂಗು ನಿಲ್ಲಿಸಿದಾಗ ಎಲ್ಲರೂ ಸ್ಪೀಕರಿನ ಕಡೆ ತಿರುಗಿದರಂತೆ. ಆಮೇಲೆ ಒಬ್ಬ ಮುದುಕಿ ಎದೆ ಬಡಿದುಕೊಳ್ಳಲು ಶುರು ಮಾಡಿದಳು. ಅವಳ ಇಬ್ಬರು ಗಂಡುಮಕ್ಕಳು ಕಡಲಲ್ಲಿದ್ದರು.

"ಯಾಕಪ್ಪಾ ನಿಲ್ಲಿಸಿದೆ?"

"ವಾಲ್ವಿಗೆ ಸ್ವಲ್ಪ ಉಸಿರು ಕೊಡಬೇಕಮ್ಮ. ಇಲ್ಲಾಂದ್ರೆ ಒಡೆದುಹೋಗುತ್ತೆ. ದೋಣಿಯವರಿಗೆ ಗೊತ್ತು ಇದು, ಕಾಯ್ತಾರೆ."

"ಗಾಜಿಗೆ ಉಸಿರು ಕೊಡ್ತೀಯ. ನನ್ನ ಮಕ್ಕಳಿಗೆ ಉಸಿರು ಬೇಡವಾ?"

ಎರಡನೆಯ ಸಲ ದೊಡ್ಡಪ್ಪ ಮೌನವನ್ನು ಮೊಟಕು ಮಾಡಿದ. ಮೂರನೆಯ ಸಲ ಸ್ವಿಚ್ಚಿನ ಕಡೆ ಹೋದ ಅವನ ಕೈಯನ್ನು ಹೆಂಗಸರು ಹಿಡಿದುಕೊಂಡರು. ಅಷ್ಟರಲ್ಲಿ ಕೆಳಗಿನಿಂದ, ಒಂದು ದೋಣಿ ಬಂತು, ಒಂದು ದೋಣಿ ಬಂತು ಎಂದು ಕೂಗಿಕೊಂಡು ಬಂದರು. ಮುದುಕಿಯ ಮಕ್ಕಳ ದೋಣಿ. ಮುದುಕಿ ದೊಡ್ಡಪ್ಪನ ತಲೆ ಸವರಿ, ನಿಲ್ಲಿಸಬೇಡ ಕಂದ ಎಂದು ಹೇಳಿ ಮೆಟ್ಟಿಲಿಳಿದಳು. ಅದಾದ ಮೇಲೆ ನಿಲ್ಲಿಸುವ ಮಾತೇ ಬರಲಿಲ್ಲ. ಮೆಷಿನ್ ಸುತ್ತ ಸ್ವಲ್ಪ ಜಾಗ ಬಿಡಿ, ಸರಿದು ನಿಲ್ಲಿ ಎಂದು ಅವನು ಕೇಳಿಕೊಂಡ. ಕೆಲವರು ಸರಿದರು, ಸರಿದ ಜಾಗಕ್ಕೆ ಬೇರೆಯವರು ಬಂದರು.

ಬಿಡುವಿಲ್ಲದ ಕೂಗು ಬಹಳ ಹೊತ್ತು ನಡೆಯಿತು. ಆಮೇಲೆ ಆಂಪ್ಲಿಫೈಯರಿನ ಒಳಗೆ ಟಿಣ್ ಎಂದಿತು. ಸ್ಪೀಕರ್ ಸುಮ್ಮನಾಯಿತು. ವಾಲ್ವಿನ ಗಾಜು ಬುಡದಲ್ಲಿ ಸೀಳಿತ್ತು. ಬದಲಿ ವಾಲ್ವ್ ಇರಲಿಲ್ಲ. ದೊಡ್ಡಪ್ಪ ಸಣ್ಣ ಸೆಟ್ಟನ್ನೇ ನೇರವಾಗಿ ಏರಿಯಲ್ ತಂತಿಗೆ ಸಿಕ್ಕಿಸಿ ಕೂಗಿಸಿದ. ಅದರ ದನಿ ಬಂಡೆ ಸಾಲಿನ ಆಚೆಗೆ ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಮಂಜು ಕರಗುವವರೆಗೆ ಕೂಗಿಸುತ್ತಲೇ ಕೂತಿದ್ದ.

ಎರಡನೆಯ ದೋಣಿಯವರು ಕಾಯಲಿಲ್ಲ. ಕೂಗು ನಿಂತದ್ದು ಯಾಕೋ ಸರಿಯಿಲ್ಲ ಎನಿಸಿ, ನಿಯಮ ಮುರಿದು, ದೇವರ ಮೇಲೆ ಭಾರ ಹಾಕಿ ಅಂದಾಜಿನಲ್ಲಿ ಬಂದರು. ತಳ ಸ್ವಲ್ಪ ತರಚಿತು, ಅಷ್ಟೇ. ಅಪ್ಪನ ದೋಣಿ ಬರಲಿಲ್ಲ. ಅದರಲ್ಲಿದ್ದವರ ಪೈಕಿ ಬದುಕಿ ಬಂದವನು ದೋಣಿಯ ಅಡುಗೆಯವನೊಬ್ಬನೇ. ಮಾರನೆಯ ದಿನ ನಮ್ಮ ಮನೆಯ ಜಗಲಿಯಲ್ಲಿ ಕೂತು, ಅಮ್ಮನ ಎದುರು, ದೊಡ್ಡಪ್ಪನ ಎದುರು ಎಲ್ಲವನ್ನೂ ಹೇಳಿದ.

"ಕೂಗು ನಿಂತಿತು. ನಮ್ಮ ಯಜಮಾನ್ರು ಎಂಜಿನ್ ಆರಿಸಿ ಲಂಗರು ಬಿಡಿ ಅಂದ್ರು. ನಾವೆಲ್ಲ ಹೇಳಿದ್ವಿ, ಹತ್ರ ಬಂದುಬಿಟ್ಟಿದೀವಿ, ಹೋಗಿಬಿಡೋಣ ಅಂತ. ಕೇಳಲಿಲ್ಲ. ಅಣ್ಣ ಉಸಿರು ಕೊಡ್ತಿದಾನೆ, ಈಗ ಶುರು ಮಾಡ್ತಾನೆ, ಕಾಯೋಣ ಅಂದ್ರು. ಬಳೆ ಕೈಯಲ್ಲಿ ಹಿಡ್ಕೊಂಡೇ ಕೂತಿದ್ರು. ಆಮೇಲೆ ಹಡಗಿನ ಸದ್ದು ಬಂತು. ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲಿಲ್ಲ. ಗೊತ್ತಾದಾಗ ತಲೆ ಮೇಲೇ ಇತ್ತು."

ಡಿಕ್ಕಿ ಹೊಡೆದ ಸರಕಿನ ಹಡಗಿನವರು ಅವನೊಬ್ಬನನ್ನು ನೀರಿನಿಂದ ಎತ್ತಿಕೊಂಡಿದ್ದರು. ಅಪ್ಪನ ದೇಹ ಸಿಗಲಿಲ್ಲ.

ನಾನು ಹುಟ್ಟಿದ್ದು ಆ ವಾರವೇ. ಅಣ್ಣ ತಮ್ಮ ಇದ್ದದ್ದು ಒಂದೇ ಮನೆಯಲ್ಲಿ, ಅಮ್ಮನಿಗೆ ಹೋಗಲು ಬೇರೆ ಮನೆ ಇರಲಿಲ್ಲ. ಊರ ಬಾಯಿ ಮುಚ್ಚಿಸಲು ದೊಡ್ಡಪ್ಪ ತನ್ನ ಹಾಸಿಗೆಯನ್ನು ಅಂಗಡಿಗೆ ಒಯ್ದ. ವಾರ್ನಿಷ್ ವಾಸನೆಯ ನಡುವೆ, ಮೋಟಾರುಗಳ ಸಾಲಿನ ಪಕ್ಕ ಮಲಗಿದ. ಲೈಸೆನ್ಸ್ ಹಿಂದಿರುಗಿಸಿ, ರೇಡಿಯೊದ ಸಾಮಾನನ್ನೆಲ್ಲ ಬಿಚ್ಚಿ ಕೇಳಿದವರಿಗೆ ಕೊಟ್ಟುಬಿಟ್ಟ. ದುಡಿದದ್ದೆಲ್ಲ ಅಮ್ಮನ ಕೈಗೆ. ಊಟಕ್ಕೆ ಮಾತ್ರ ಮನೆಗೆ ಬರುತ್ತಿದ್ದ, ಅಡುಗೆಮನೆಯ ಹೊಸ್ತಿಲಿನಾಚೆ ಕೂತು ಉಣ್ಣುತ್ತಿದ್ದ.

ಅಮ್ಮ ತಟ್ಟೆಯ ಜೊತೆಗೆ ಮಾತನ್ನೂ ಬಡಿಸುತ್ತಿದ್ದಳು. ನೇರವಾಗಿ ಅವನಿಗೆ ಹೇಳುತ್ತಿರಲಿಲ್ಲ. ಒಲೆಗೆ ಹೇಳುವಳು, ಬೆಕ್ಕಿಗೆ ಹೇಳುವಳು, ನನಗೆ ಹೇಳುವಳು. "ನಿಮ್ಮಪ್ಪ ಇದ್ದಿದ್ರೆ ಈ ಬಾಗಿಲು ರಿಪೇರಿ ಆಗಿರ್ತಿತ್ತು. ಮೆಷಿನ್ ನೋಡ್ಕೊಳ್ಳೋಕೆ ಬರದೇ ಇರೋರ ಕೈಲಿ ಜೀವ ಕೊಟ್ಟ." ನೆಂಟರು ಬಂದರೆ ದನಿ ಇನ್ನೂ ಒಂದು ಸುತ್ತು ಏರುತ್ತಿತ್ತು. "ಊರವರ ಮೋಟಾರೆಲ್ಲ ಸರಿ ಮಾಡ್ತಾರೆ. ತಮ್ಮನ ಜೀವ ಕಾಯೋ ಮೋಟಾರು ಮಾತ್ರ ಆಗಲಿಲ್ಲ." ದೊಡ್ಡಪ್ಪ ಅನ್ನಕ್ಕೆ ಒಂದು ಉಫ್ ಎಂದು ಊದಿ ತಲೆ ಬಗ್ಗಿಸಿ ಉಣ್ಣುತ್ತಿದ್ದ. ತಟ್ಟೆ ತೊಳೆದಿಟ್ಟು, ಬರ್ತೀನಿ ಎಂದು ಗೋಡೆಗೆ ಹೇಳಿ ಹೋಗುತ್ತಿದ್ದ. ಚಿಕ್ಕವಳಾಗಿದ್ದಾಗ ನನಗೂ ಅವನ ಮೇಲೆ ಸಿಟ್ಟಿತ್ತು. ಮನೆಯಲ್ಲಿ ಉಣ್ಣಲು ಸಿಕ್ಕಿದ್ದು ಅದೇ.

ಓದು ನನ್ನ ತಲೆಗೆ ಹತ್ತಲಿಲ್ಲ, ಕೈ ಮಾತ್ರ ಚುರುಕಾಗಿತ್ತು. ಶಾಲೆ ಬಿಟ್ಟು ಕೆಲವು ಕಡೆ ಕೆಲಸ ಮಾಡಿ, ಎಲ್ಲೂ ನಿಲ್ಲದೆ, ಕೊನೆಗೆ ದೊಡ್ಡಪ್ಪನ ಅಂಗಡಿಗೇ ಸೇರಿಕೊಂಡೆ. ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ತಂತಿ ಸುತ್ತುವುದು ನನಗೆ ಹಿಡಿಸಿತು. ನಾನೂ ದೊಡ್ಡಪ್ಪನೂ ಒಂದೇ ಮೇಜಿಗೆ ಎದುರುಬದುರು ಕೂತು, ದಿನಕ್ಕೆ ನಾಲ್ಕು ಮಾತು ಸಹ ಆಡದೆ, ವರ್ಷಗಟ್ಟಲೆ ಕೆಲಸ ಮಾಡಿದೆವು. ನನ್ನ ಸುತ್ತು ಸಡಿಲವಾದರೆ ಬೈಯುತ್ತಿರಲಿಲ್ಲ. ಬಿಚ್ಚಿ, ಉಫ್ ಎಂದು ಊದಿ, ಮತ್ತೆ ನನ್ನ ಮುಂದೆ ಇಡುತ್ತಿದ್ದ. ಬೈಗುಳಕ್ಕಿಂತ ಅದೇ ಹೆಚ್ಚು ನಾಟುತ್ತಿತ್ತು.

ಒಂದು ದಿನ ಲಾಂಡ್ರಿಯಿಂದ ದೊಡ್ಡ ಬ್ಲೋವರ್ ಬಂದಿತ್ತು. ಮೋಟಾರು ಸುತ್ತಿ ಮುಗಿಸಿ, ನೆಲದ ಮೇಲಿಟ್ಟು ಚಾಲೂ ಮಾಡಿ, ಎಷ್ಟು ಆಂಪಿಯರ್ ಕರೆಂಟ್ ಎಳೆಯುತ್ತದೆ ಎಂದು ನೋಡುತ್ತಿದ್ದೆವು. ನಿಂತು ನಿಂತು ಸೊಂಟ ನೋಯುತ್ತಿತ್ತು. ನಾನು ಕೆಳಗೆ ಕೂತು ಅದಕ್ಕೇ ಒರಗಿದೆ. ನನ್ನ ಕೆಲಸದ ಕೋಟು ಗಾಳಿ ಎಳೆಯುವ ಬಾಯಿಗೆ ಅಂಟಿಕೊಂಡಿತು. ಬ್ಲೋವರಿನ ಸದ್ದು ಸುಯ್ಯೆಂದು ಏರಿತು. ಮರುಕ್ಷಣ ದೊಡ್ಡಪ್ಪ ನನ್ನ ತೋಳು ಹಿಡಿದು ಎಳೆದ ರಭಸಕ್ಕೆ ಮೊಣಕೈ ಮೇಜಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಆ ಮನುಷ್ಯ ನನ್ನ ಮೈ ಮುಟ್ಟಿ ನೋಯಿಸಿದ್ದು ಅದೊಂದೇ ಸಲ.

"ನಿಮ್ಮಮ್ಮನ ಥರ ಅಡ್ಡ ಕೂತ್ಕೋಬೇಡ," ಎಂದ.

ಅಂದವನೇ ಮುಖ ತಿರುಗಿಸಿ ಸ್ವಿಚ್ ಆರಿಸಿದ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ನಾನು ಎದ್ದು ಷಟರ್ ಎಳೆದೆ.

"ಅಮ್ಮ ಎಲ್ಲಿ ಅಡ್ಡ ಕೂತಿದ್ಳು?"

"ಬಾಯಿ ತಪ್ಪಿ ಬಂತು. ಬಿಡು ಪುಟ್ಟಿ."

"ಹೇಳೋವರೆಗೂ ಷಟರ್ ತೆಗೆಯಲ್ಲ."

ನನ್ನ ಹಟ ಅವನಿಗೆ ಗೊತ್ತಿತ್ತು. ಸ್ಟೂಲಿಗೆ ಉಫ್ ಎಂದು ಊದಿ ಕೂತು, ಮೋಟಾರಿನ ಬಗ್ಗೆ ಹೇಳುವ ಹಾಗೆ ಹೇಳಿದ. ವಾಲ್ವ್ ಒಡೆದ ಮಾರನೆಯ ದಿನ ಬ್ಲೋವರಿನ ಪೆಟ್ಟಿಗೆಯನ್ನು ಮೇಜಿನ ಕೆಳಗಿನಿಂದ ಎಳೆದು ನೋಡಿದನಂತೆ. ಜಾಲರಿಯ ತುಂಬ ಉಣ್ಣೆಯ ಜುಂಗು, ಹಸಿರು ಬಣ್ಣದ್ದು. ಆ ಕೋಣೆಗೆ ಹಸಿರು ಶಾಲು ಹೊದ್ದು ಬಂದಿದ್ದವಳು ಅಮ್ಮ ಒಬ್ಬಳೇ. ಹೆಂಗಸರು ಅವಳನ್ನು ಒರಗಿಸಿದ್ದು ಆ ಪೆಟ್ಟಿಗೆಗೆ. ಶಾಲು ಜಾಲರಿಗೆ ಅಂಟಿ, ವಾಲ್ವಿಗೆ ಹೋಗಬೇಕಾದ ಗಾಳಿ ಹೋಗಿರಲಿಲ್ಲ.

"ಬಾಯಿ ಮುಚ್ಚಿದ ಬ್ಲೋವರು ಹಗುರ ಆಗುತ್ತೆ. ತಳ್ಳೋಕೆ ಗಾಳಿ ಇಲ್ವಲ್ಲ, ಜೋರಾಗಿ ತಿರುಗುತ್ತೆ, ಸದ್ದು ಏರುತ್ತೆ. ಅವತ್ತೂ ಏರಿತು. ನನಗೆ ಕೇಳಿಸ್ತು. ಚೆನ್ನಾಗಿ ಓಡ್ತಿದೆ, ದೇವರು ದೊಡ್ಡವನು ಅಂದ್ಕೊಂಡೆ." ಅವನು ತನ್ನ ಕೈಗಳನ್ನು ನೋಡಿಕೊಂಡ. "ಜೀವಮಾನವೆಲ್ಲ ಮೋಟಾರು ಸುತ್ತಿದೋನು ನಾನು. ಹಾಗಂದ್ಕೊಂಡೆ."

"ನೀನು ಬಿಡುವು ಕೊಡದೇ ಇದ್ದದ್ದಕ್ಕೆ ಒಡೀತು ಅಂತಾರಲ್ಲ ಎಲ್ಲರೂ."

"ಗಾಳಿ ಸರಿಯಾಗಿ ಹೋಗಿದ್ರೆ ಬಿಡುವಿಲ್ಲದೆಯೂ ತಡ್ಕೊಳ್ತಿತ್ತು. ತಡ್ಕೊಳ್ಳೋ ಹಾಗೇ ಮಾಡಿದ್ದೆ ಅದನ್ನ, ಬಿಡುವು ಇಟ್ಟಿದ್ದು ಬರೀ ಮುಂಜಾಗ್ರತೆಗೆ."

"ಮತ್ತೆ ಹೇಳಲಿಲ್ಲ ಯಾಕೆ? ಇಷ್ಟು ವರ್ಷ ಬೈಸ್ಕೊಂಡು ಕೂತಿದೀಯಲ್ಲ, ಕಲ್ಲಾ ನೀನು?"

"ಏನಂತ ಹೇಳ್ಲಿ? ನಿನ್ನ ಗಂಡನ್ನ ನೀನೇ ಕೊಂದೆ ಅಂತ, ಬಾಣಂತಿಗೆ ಹೇಳ್ಲಾ? ಅವಳು ನನ್ನ ಮೇಲಿನ ಸಿಟ್ಟಿನ ಮೇಲೆ ನಿಂತಿದಾಳೆ. ಅದನ್ನ ತೆಗೆದ್ರೆ ಬಿದ್ದುಹೋಗ್ತಾಳೆ. ಬೈಗುಳಕ್ಕೆ ಯಾರೂ ಸುಟ್ಟುಹೋಗಲ್ಲ ಪುಟ್ಟಿ. ನಿಮ್ಮಮ್ಮನಿಗೆ ಇದು ಯಾವತ್ತೂ ಗೊತ್ತಾಗಬಾರದು. ನಾನಿರೋವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಡು."

ಕೊಟ್ಟೆ. ಅಂದಿನಿಂದ ಮನೆಯ ಊಟ ನನಗೆ ವಿಷವಾಯಿತು. ಅಮ್ಮ ಒಲೆಗೆ ಹೇಳಿ ಬೈಯುವಾಗ ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನೀರು ಕುಡಿದು ನುಂಗುತ್ತಿದ್ದೆ. ಅತ್ತ ಅವಳ ಮೇಲೆ ಸಿಟ್ಟು, ಇತ್ತ ಅವನ ಮೇಲೂ ಸಿಟ್ಟು. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ? ಪಾತ್ರೆಗಳನ್ನು ನಾನು ಎಷ್ಟು ಜೋರಾಗಿ ಕುಕ್ಕುತ್ತಿದ್ದೆನೆಂದರೆ, ಈ ಹುಡುಗಿಗೆ ಮದುವೆ ವಯಸ್ಸು ಮೀರಿದ್ದಕ್ಕೆ ಹೀಗೆ ಎಂದು ಪಕ್ಕದ ಮನೆಯವರು ತೀರ್ಮಾನಿಸಿದರು.

ಹೋದ ವರ್ಷ ದೊಡ್ಡಪ್ಪ ಅಂಗಡಿಯಲ್ಲಿ ಕುಸಿದು ಬಿದ್ದ. ಆಸ್ಪತ್ರೆಯವರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟು ವರ್ಷಗಳ ಮೇಲೆ ಮೊದಲ ಬಾರಿಗೆ ಅವನ ಹಾಸಿಗೆ ಮನೆಯೊಳಗೆ ಬಂತು. ಅಮ್ಮ ಗಂಜಿ ಕಾಯಿಸಿ ಕುಡಿಸಿದಳು, ಹಾಸಿಗೆ ಬದಲಿಸಿದಳು, ಬೆನ್ನು ಒರೆಸಿದಳು. ಸೇವೆಯಲ್ಲಿ ಒಂದು ಕೂದಲೆಳೆಯಷ್ಟು ಲೋಪವಿಲ್ಲ. ಬಾಯಿ ಮಾತ್ರ ಹಾಗೇ ಇತ್ತು. ಇನ್ನೂ ಜೋರಾಯಿತು ಅಂದರೂ ತಪ್ಪಿಲ್ಲ. ಕೊನೆಕೊನೆಗೆ ಒಲೆ, ಬೆಕ್ಕು ಎಲ್ಲ ಬಿಟ್ಟು ಅವನ ಮುಖಕ್ಕೇ ಹೇಳತೊಡಗಿದಳು. "ಹೇಳಿ ಭಾವ, ಯಾಕೆ ಸುಟ್ಟಿತು ನಿಮ್ಮ ಮೆಷಿನ್ನು? ನೀವು ನೋಡ್ಕೊಳ್ಳಲಿಲ್ಲ, ಅದಕ್ಕೇ ಅಲ್ವಾ?" ದೊಡ್ಡಪ್ಪ, ಹೌದಮ್ಮ ಎಂದು ತಲೆಯಾಡಿಸುತ್ತಿದ್ದ. ನಾನು ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ಹಿತ್ತಲಿನಲ್ಲಿ ನಿಂತಿದ್ದಾಗಲೇ ಅವನು ಹೋದ.

ಜನ ಬಂದರು. ಮುದುಕಿಯ ಮಕ್ಕಳಿಬ್ಬರೂ ಬಂದು ಹೆಗಲು ಕೊಟ್ಟರು. ಅವರಿಗೂ ತಲೆ ನೆರೆತಿತ್ತು. ಎಲ್ಲ ಮುಗಿದ ಮೇಲೆ ಸಂತಾಪ ಹೇಳಲು ಬಂದ ಒಬ್ಬಳ ಕೈ ಹಿಡಿದುಕೊಂಡು ಅಮ್ಮ ಅದೇ ಮಾತು ತೆಗೆದಳು. "ಒಳ್ಳೆಯವರೇ ಪಾಪ. ಆದ್ರೆ ಅವತ್ತು ಮೆಷಿನ್ ಸರಿಯಾಗಿ ನೋಡ್ಕೊಂಡಿದ್ರೆ..."

ಬಂದವಳು ಹೋಗುವವರೆಗೆ ಹೇಗೋ ತಡೆದೆ. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದೆ. ಅಮ್ಮ ಲೋಟ ತೊಳೆಯುತ್ತಿದ್ದಳು. ಮಾತು ಕೊಟ್ಟದ್ದು ಅವನಿರುವವರೆಗೆ. ಇನ್ನು ಯಾರ ಹಂಗು?

"ಸಾಕು ಮಾಡಮ್ಮ. ಸತ್ತ ಮೇಲೂ ಬಿಡಲ್ಲವಾ? ಆ ಮೆಷಿನ್ ಯಾಕೆ ಸುಟ್ಟಿತು ಗೊತ್ತಾ ನಿನಗೆ?"

"ಗೊತ್ತು," ಎಂದಳು ಅಮ್ಮ.

ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ನಾನು ಅಡ್ಡ ಕೂತಿದ್ದೆ. ಬೆನ್ನ ಹಿಂದೆ ಶಾಲು ಎಳೀತಾ ಇತ್ತು. ಸರಿದು ನಿಲ್ಲಿ ಅಂತ ಭಾವ ಎಲ್ಲರಿಗೂ ಹೇಳಿದ್ದು ನನಗೂ ಕೇಳಿಸ್ತು. ಎದ್ರೆ ಇವರೆಲ್ಲ ಸೇರಿ ನನ್ನನ್ನ ಕೆಳಗೆ ಕರ್ಕೊಂಡು ಹೋಗ್ತಾರೆ, ಬಸುರಿ ಇಲ್ಲಿರಬಾರದು ಅಂತ ಯಾರೋ ಆಗಲೇ ಹೇಳ್ತಿದ್ರು. ಆ ಸದ್ದು ಕೇಳಿಸೋವರೆಗೂ ನಿಮ್ಮಪ್ಪ ಬದುಕಿದಾನೆ ಅನ್ನಿಸ್ತಿತ್ತು. ಅದಕ್ಕೇ ಏಳಲಿಲ್ಲ. ವಾಲ್ವ್ ಒಡೆದ ಮೇಲೆ ಏಳೋಕೆ ಹೋದೆ. ಶಾಲು ಬಿಡಿಸ್ಕೊಳ್ಳೋಕೆ ಆಗಲಿಲ್ಲ, ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿತ್ತು. ಆವಾಗಲೇ ಗೊತ್ತಾಯ್ತು."

ಹೊಸ್ತಿಲ ಮೇಲೆ ಕೂತೆ.

"ಗೊತ್ತಿದ್ದೂ ಬೈದೆಯಾ?"

"ಗೊತ್ತಿದ್ದಕ್ಕೇ ಬೈದೆ. ಆ ಪೆಟ್ಟಿಗೆ ಬಿಚ್ಚಿದ್ದು ಅವರೇ, ಜಾಲರಿ ತೊಳೆದದ್ದೂ ಅವರೇ. ಅವರಿಗೆ ಗೊತ್ತಿರಲೇಬೇಕಲ್ಲ. ನಾನಾಗಿ ಹೇಳೋಕೆ ನಾಲಿಗೆ ಬರಲಿಲ್ಲ. ಇವತ್ತು ಸಿಟ್ಟು ಮಾಡ್ತಾರೆ, ನಾಳೆ ಸಿಟ್ಟು ಮಾಡ್ತಾರೆ, ಒಂದಲ್ಲ ಒಂದು ದಿನ ತಟ್ಟೆ ಎಸೆದು, ನೀನೇ ಕಣೇ ಅಡ್ಡ ಕೂತಿದ್ದು ಅಂತಾರೆ ಅಂತ ಕಾದೆ. ಹಾಗೆ ಒಂದು ಸಲ ಅಂದುಬಿಟ್ಟಿದ್ರೆ ಕಾಲು ಹಿಡ್ಕೊಂಡು ಅತ್ತುಬಿಡ್ತಿದ್ದೆ. ಚುಚ್ಚಿದೆ, ಚುಚ್ಚಿದೆ, ಕೊನೆಗೆ ಮುಖಕ್ಕೇ ಕೇಳಿದೆ. ಆ ಮನುಷ್ಯ ಬಾಯಿ ಬಿಡಲಿಲ್ಲ. ನನ್ನ ಕ್ಷಮಿಸೋಕೆ ಇಷ್ಟ ಇಲ್ಲ, ಅದಕ್ಕೇ ಸುಮ್ಮನಿದಾರೆ ಅಂತ ಇನ್ನೂ ಸಿಟ್ಟು ಬರ್ತಿತ್ತು."

ಅವಳು ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಿನಗೆ ಇದು ಯಾರು ಹೇಳಿದ್ದು?"

"ದೊಡ್ಡಪ್ಪನೇ ಹೇಳಿದ್ದು. ನಿನಗೆ ಯಾವತ್ತೂ ಗೊತ್ತಾಗಬಾರದು ಅಂತ ನನ್ನಿಂದ ಮಾತು ತಗೊಂಡಿದ್ದ. ಗೊತ್ತಾದ್ರೆ ನೀನು ಬದುಕಲ್ಲ ಅಂತ."

ಹೊರಗೆ ಯಾರೋ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸುತ್ತಿದ್ದರು.

"ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿರಲಿಲ್ವಾ?"

"ಇಲ್ಲಮ್ಮ."

"ಹಾಗಾದ್ರೆ," ಎಂದಳು ಅಮ್ಮ, "ನಾನು ನಂಬಿಯೇ ಬೈತಿದೀನಿ ಅಂದ್ಕೊಂಡೇ ಅವರು ಅಷ್ಟನ್ನೂ ಕೇಳಿಸ್ಕೊಂಡ್ರು."